ಫಿಟ್ಟರ್ ಕಿವಿ, ಒಂಬತ್ತು ಇಂಚಿನ ಮೊಳೆ: ಬಿಟ್ಟುಹೋದ ಬ್ಯಾಂಡನ್ನು ಮತ್ತೆ ಕೇಳುವ ಬಗೆ

ಗಂಗಾವತಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಹೋದ ದೀಪಾವಳಿಗೆ ಸುಣ್ಣ ಬಳಿಯುವಾಗ ಕೆಳಗೆ ಬಂತು. ಒಳಗೆ ಹದಿನಾಲ್ಕು ಸಿ.ಡಿ. 2003ರಲ್ಲಿ ಬಳ್ಳಾರಿಯಲ್ಲಿ ಡಿಪ್ಲೊಮಾ ಓದುವಾಗ ಸೈಬರ್ ಕೆಫೆಯಲ್ಲಿ ದುಡ್ಡು ಕೊಟ್ಟು ಬರೆಸಿಕೊಂಡಿದ್ದು. ಮಾರ್ಕರ್‌ನಲ್ಲಿ ನನ್ನದೇ ಅಕ್ಷರ. ಅಪ್ಪ ಒಂದನ್ನು ತಿರುಗಿಸಿ ನೋಡಿದರು.

"ಏನೋ ತಮ್ಮ ಇದು?"

"ನೈನ್ ಇಂಚ್ ನೈಲ್ಸ್ ಅಂತಪ್ಪ. ಬ್ಯಾಂಡಿನ ಹೆಸರು."

"ಒಂಬತ್ತ್ ಇಂಚಿನ ಮೊಳಿ? ಅಷ್ಟುದ್ದದ್ದು ಎಲ್ಲಿ ಹೊಡೀತಾರಪ್ಪ?"

ಅಪ್ಪ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಅವರಿಗೆ ಮೊಳೆ ಎಂದರೆ ಮೊಳೆಯೇ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು. ಬ್ಯಾಂಡ್ ಬೇರೆ ಇರಬಹುದು. ಹದಿನೆಂಟರಲ್ಲಿ ಅದೇ ಜೀವ ಎಂದುಕೊಂಡು, ಆಮೇಲೆ ಕೆಲಸ, ಮದುವೆ, ಇ.ಎಂ.ಐ. ಎಂದು ಬಿಟ್ಟುಬಿಟ್ಟಿದ್ದು. ಮತ್ತೆ ಕೇಳಲು ಕೂತರೆ ಎರಡು ಹಾಡಿಗೆ ಬೇಸರ ಬಂದು "ಆಗ ಹುಡುಗಾಟ, ಈಗ ಹಿಡಿಸಲ್ಲ" ಎಂದು ಮುಚ್ಚುತ್ತೇವೆ. ನನಗೂ ಮೊದಲ ವಾರ ಹಾಗೇ ಆಯಿತು. ತಪ್ಪು ಹಾಡಿನದ್ದಲ್ಲ, ನಾನು ಕೇಳಲು ಕೂತ ರೀತಿಯದ್ದು. ನಾಲ್ಕೈದು ತಿಂಗಳು ಎಡವಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಡಿಸ್ಕ್ ಉಳಿಸಿಕೊಳ್ಳಿ

ಕಂಪ್ಯೂಟರ್‌ನಲ್ಲಿ ಬರೆದ ಸಿ.ಡಿ.ಯೊಳಗೆ ಬಣ್ಣದ ಒಂದು ಪದರ ಇರುತ್ತದೆ. ಬಿಸಿಲು, ಸೆಕೆ ಎರಡೂ ಅದಕ್ಕೆ ಆಗಿಬರುವುದಿಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಕೆಳಗಿನ ಅಟ್ಟ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಹಾಗಾಗಿ ಸಿಕ್ಕ ದಿನವೇ ಕಾಪಿ ಮಾಡಿ. ಮೆತ್ತನೆಯ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ. ಗೀರು ಬಿದ್ದರೆ ಹಾಡಿನ ಉದ್ದಕ್ಕೂ ಬೀಳುತ್ತದೆ. ಆಡಿಯೊ ಸಿ.ಡಿ. ಆದರೆ 'ಎಕ್ಸಾಕ್ಟ್ ಆಡಿಯೊ ಕಾಪಿ' ಎಂಬ ಉಚಿತ ಸಾಫ್ಟ್‌ವೇರ್ ಒಳ್ಳೆಯದು. ಓದಲು ಆಗದ ಕಡೆ ಮತ್ತೆ ಮತ್ತೆ ಓದಿ ನೋಡುತ್ತದೆ. ಹದಿನಾಲ್ಕರಲ್ಲಿ ನನ್ನ ಮೂರು ಡಿಸ್ಕ್ ಸತ್ತಿದ್ದವು.

ಒಂದು ತಮಾಷೆ ಹೇಳಿಬಿಡುತ್ತೇನೆ. ಅವರ 1992ರ 'ಬ್ರೋಕನ್' ಡಿಸ್ಕ್ ಹಾಕಿದಾಗ 99 ಫೈಲ್ ಕಾಣಿಸಿದವು. ಹಾಳಾಗಿದೆ ಎಂದು ಎಸೆಯಲು ಹೋಗಿದ್ದೆ. ಹಾಳಾಗಿರಲಿಲ್ಲ. ಆರು ಹಾಡು ಮುಗಿದ ಮೇಲೆ 7ರಿಂದ 97ರವರೆಗೆ ಬರೀ ಮೌನದ ತುಣುಕುಗಳು. 98 ಮತ್ತು 99ರಲ್ಲಿ ಎರಡು ಹಾಡು ಅಡಗಿವೆ. ಮೊದಲ ಮುದ್ರಣದಲ್ಲಿ ಆ ಎರಡು ಹಾಡಿಗೆ ಬೇರೆ ಪುಟ್ಟ ಡಿಸ್ಕ್ ಇತ್ತು, ಆಮೇಲೆ ಹೀಗೆ ಸೇರಿಸಿದರು. ಕಾಲೇಜಿನ ದಿನಗಳಲ್ಲಿ ಆರನೆಯ ಹಾಡಿಗೇ ನಿಲ್ಲಿಸುತ್ತಿದ್ದೆ. ಆ ಎರಡನ್ನು ಇಪ್ಪತ್ತು ವರ್ಷ ಕೇಳಿಯೇ ಇರಲಿಲ್ಲ!

ಹಳೆಯ ಎಂ.ಪಿ.3 ಮೇಲೆ ತೀರ್ಪು ಬೇಡ

ಆಗ ನಾವೆಲ್ಲ 128 ಕೆ.ಬಿ.ಪಿ.ಎಸ್.ನ, ಎಂದರೆ ಬಹಳ ಕುಗ್ಗಿಸಿದ, ಎಂ.ಪಿ.3 ಫೈಲ್ ಕೇಳಿ ಬೆಳೆದವರು. ಒಂದು ಡಿಸ್ಕಿನಲ್ಲಿ ಹತ್ತು ಆಲ್ಬಮ್ ತುರುಕುವುದೇ ಹೆಮ್ಮೆ. ಭಾವಗೀತೆಗೆ, ಸಿನಿಮಾ ಹಾಡಿಗೆ ಅದು ಹೇಗೋ ನಡೆಯುತ್ತದೆ. ಈ ಸಂಗೀತಕ್ಕೆ ನಡೆಯುವುದಿಲ್ಲ. ಎಂ.ಪಿ.3 ಕಿವಿಗೆ ಬೇಡವಾದದ್ದನ್ನು ಕತ್ತರಿಸಿ ಜಾಗ ಉಳಿಸುತ್ತದೆ. ಒಂದು ವೀಣೆ, ಒಂದು ದನಿ ಇದ್ದರೆ ಕತ್ತರಿಸುವುದು ಸುಲಭ. ಸುಯ್ ಎನ್ನುವ ಸದ್ದು, ಹರಿದ ಗಿಟಾರ್, ಟಿ.ವಿ. ಕೆಟ್ಟಾಗ ಬರುವಂಥ ಗರಗರ ಇದ್ದರೆ ಅದರಲ್ಲಿ ಬೇಡವಾದದ್ದು ಯಾವುದು? ಎಲ್ಲವೂ ಬೇಕು. ಹಾಗಾಗಿ ಕಡಿಮೆ ಗುಣಮಟ್ಟದಲ್ಲಿ ಗರಗರ ಹೋಗಿ ನೀರಿನ ಗುಳುಗುಳು ಆಗುತ್ತದೆ. "ಬರೀ ಗಲಾಟೆ" ಎಂದು ಅನಿಸುವುದಕ್ಕೆ ಅರ್ಧ ಕಾರಣ ಇದೇ.

ಮೂಲ ಸಿ.ಡಿ. ಇದ್ದರೆ, ಸದ್ದಿನಲ್ಲಿ ಏನನ್ನೂ ಕತ್ತರಿಸದ ಫ್ಲ್ಯಾಕ್ ಫೈಲ್ ಮಾಡಿಕೊಳ್ಳಿ. ಇಲ್ಲದಿದ್ದರೆ ಹಾಡು ಕೇಳುವ ಆ್ಯಪ್‌ನಲ್ಲಿ ಗುಣಮಟ್ಟವನ್ನು ಜಾಸ್ತಿಗೆ ಇಡಿ. ಅಲ್ಲಿಯೇ ಇನ್ನೂ ಎರಡು ಸೆಟ್ಟಿಂಗ್ ಇವೆ. ಒಂದು ಹಾಡು ಇನ್ನೊಂದರ ಮೇಲೆ ಹತ್ತುವ ಕ್ರಾಸ್‌ಫೇಡ್ ಆಫ್ ಮಾಡಿ. ಎಲ್ಲ ಹಾಡಿನ ಸದ್ದನ್ನು ಒಂದೇ ಮಟ್ಟಕ್ಕೆ ತರುವ ನಾರ್ಮಲೈಸೇಷನ್ ಕೂಡ ಆಫ್. ಪಿಸುಮಾತು ಪಿಸುಮಾತಾಗಿಯೇ ಇರಬೇಕು, ಏಟು ಏಟಾಗಿಯೇ ಬೀಳಬೇಕು.

ಇಯರ್‌ಫೋನಿಗೆ ದುಬಾರಿ ಏನೂ ಬೇಡ. ತಂತಿ ಇರುವ ಸಾಧಾರಣ ಇಯರ್‌ಫೋನ್ ಸಾಕು.

ಯಾರಿವರು, ಎಲ್ಲಿಂದ ಬಂದರು

ಇದನ್ನು ತಿಳಿದುಕೊಂಡ ಮೇಲೆ ನನಗೆ ಕೇಳುವ ಬಗೆಯೇ ಬದಲಾಯಿತು. ಬ್ಯಾಂಡ್ ಎಂದು ಹೆಸರು ಇದ್ದರೂ ಬಹಳ ಕಾಲ ಅದು ಒಬ್ಬನೇ ಮನುಷ್ಯ, ಟ್ರೆಂಟ್ ರೆಜ್ನರ್. 1988ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಶುರು. ಕ್ಲೀವ್‌ಲ್ಯಾಂಡ್ ಉಕ್ಕಿನ ಊರು. ನಮ್ಮ ತೋರಣಗಲ್ಲಿನ ಹಾಗೆ ಕುಲುಮೆ, ಚಿಮಣಿ, ಶಿಫ್ಟ್ ಸೈರನ್ ನೋಡಿದ ಊರು. ಅಲ್ಲಿಯ ಒಂದು ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಈತ ಕಸ ಗುಡಿಸುವುದು, ನೆಲ ಒರೆಸುವುದು, ಚಿಲ್ಲರೆ ಕೆಲಸ ಮಾಡುತ್ತಿದ್ದ. ಬುಕಿಂಗ್ ಇಲ್ಲದ ಹೊತ್ತಿನಲ್ಲಿ ಅದೇ ಸ್ಟುಡಿಯೊದಲ್ಲಿ ಕೂತು ತನ್ನ ಹಾಡು ಕಟ್ಟಿದ. ಅವು 1989ರಲ್ಲಿ 'ಪ್ರೆಟಿ ಹೇಟ್ ಮಷೀನ್' ಎಂಬ ಮೊದಲ ಆಲ್ಬಮ್ ಆದವು. 2016ರಲ್ಲಿ ಆಟಿಕಸ್ ರಾಸ್ ಅಧಿಕೃತವಾಗಿ ಸೇರುವವರೆಗೆ ಸದಸ್ಯ ಎಂದರೆ ರೆಜ್ನರ್ ಒಬ್ಬನೇ. ವೇದಿಕೆಯ ಮೇಲೆ ಜೊತೆಗೆ ನುಡಿಸುವವರು ಬದಲಾಗುತ್ತಲೇ ಇದ್ದರು.

ಯಂತ್ರದ ಗದ್ದಲ ಬೆರೆಸಿದ ಇಂಥ ಸಂಗೀತಕ್ಕೆ ಇಂಡಸ್ಟ್ರಿಯಲ್ ಎನ್ನುತ್ತಾರೆ. ಆ ಹೆಸರು ಇವನಿಗಿಂತ ಹಳೆಯದು. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ತನ್ನ ಕಂಪನಿಗೆ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂದು ಹೆಸರಿಟ್ಟಿತ್ತು. ಅಲ್ಲಿಂದ ಬಂದ ಹೆಸರು.

ಎಲ್ಲಿಂದ ಶುರು ಮಾಡಬೇಕು

ಹಳೆಯ ನೆಚ್ಚಿನ ಹಾಡಿನಿಂದ ಮಾತ್ರ ಬೇಡ. ನೂರು ಸಲ ಕೇಳಿದ್ದನ್ನು ಕಿವಿ ಕೇಳುವುದಿಲ್ಲ, ಸುಮ್ನೆ ನೆನಪು ಮಾಡಿಕೊಳ್ಳುತ್ತದೆ. ಹಾಸ್ಟೆಲ್ ನೆನಪಾಗುತ್ತದೆ, ಕೌಲ್ ಬಜಾರಿನ ಮಿರ್ಚಿ ವಗ್ಗರಣಿ ನೆನಪಾಗುತ್ತದೆ, ಹಾಡು ಮಾತ್ರ ಪಕ್ಕದಲ್ಲಿ ಹಾದುಹೋಗುತ್ತದೆ.

ಆಗ ನೀವು ಕೇಳದೆ ಬಿಟ್ಟ ಮೂಲೆಯಿಂದ ಶುರು ಮಾಡಿ. ಈ ಬ್ಯಾಂಡಿನಲ್ಲಿ ಅಂಥ ಮೂಲೆ ಎಂದರೆ 2008ರ 'ಗೋಸ್ಟ್ಸ್ 1-4'. ಮೂವತ್ತಾರು ತುಣುಕು. ಮಾತಿಲ್ಲ, ಬರೀ ವಾದ್ಯ. ಹಾಡುಗಳಿಗೆ ಹೆಸರೂ ಇಲ್ಲ, ನಂಬರ್ ಅಷ್ಟೇ. ಮೊದಲ ಒಂಬತ್ತನ್ನು ಪುಕ್ಕಟೆ ಕೊಟ್ಟರು, ಪೂರ್ತಿ ಬೇಕಾದರೆ ಐದು ಡಾಲರ್. ಆ ಒಂಬತ್ತನ್ನು ಟೊರೆಂಟ್‌ಗೂ ಅವರೇ ಹಾಕಿದ್ದರು. ಕದ್ದು ಕೇಳಿದ ಪಾಪಪ್ರಜ್ಞೆ ನನ್ನ ವಯಸ್ಸಿನವರಿಗೆ ಇದ್ದೇ ಇದೆ, ಅಲ್ವಾ? ಇದರಲ್ಲಿ ಆ ಕಾಟ ಇಲ್ಲ. ಅದೇ ವರ್ಷದ 'ದ ಸ್ಲಿಪ್', 2020ರ ಮಾರ್ಚಿನಲ್ಲಿ ಕೊರೊನಾ ಶುರುವಾದಾಗ ಬಿಟ್ಟ 'ಗೋಸ್ಟ್ಸ್' 5 ಮತ್ತು 6 ಕೂಡ ಅವರೇ ಉಚಿತವಾಗಿ ಹಂಚಿದ್ದು.

ಒಂದು ವಾರ ಇದನ್ನು ಕೆಲಸದ ಜೊತೆ ಹಾಕಿಕೊಳ್ಳಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನ ಲೆಕ್ಕ ಬರೆಯುತ್ತೇನೆ. ಗೋಡೆಯ ಆಚೆ ಇಪ್ಪತ್ತೆರಡು ಜುಕಿ ಮಷೀನ್. ಈ ಕಡೆ ನನ್ನ ಕಿವಿಯಲ್ಲಿ ಪಿಯಾನೊ. ಎರಡನೆಯ ದಿನ ಯಾವ ಟಕಟಕ ಗೋಡೆಯಾಚೆಯದು, ಯಾವುದು ಹಾಡಿನದು ಎಂದು ಗೊತ್ತಾಗದೆ ಇಯರ್‌ಫೋನ್ ತೆಗೆದು ನೋಡಿದೆ.

ಮೊಳೆಗಳ ನಂಬರ್ ನೋಡಿ

ಆಮೇಲೆ ಹಳೆಯ ಆಲ್ಬಮ್‌ಗಳಿಗೆ ಬನ್ನಿ. ಇವರ ಅಧಿಕೃತ ಬಿಡುಗಡೆಗಳ ಮೇಲೆ 'ಹೇಲೊ' ಎಂದು ಒಂದು ನಂಬರ್ ಇರುತ್ತದೆ. ಹೇಲೊ 2 ಎಂದರೆ 1989ರ ಮೊದಲ ಆಲ್ಬಮ್. ಹೇಲೊ 5 'ಬ್ರೋಕನ್'. ಹೇಲೊ 8 ಎಂದರೆ 1994ರ 'ದ ಡೌನ್‌ವರ್ಡ್ ಸ್ಪೈರಲ್'. ಹೇಲೊ 14 ಎಂದರೆ 1999ರ 'ದ ಫ್ರ್ಯಾಜೈಲ್'. ಆಗ ಕೆಫೆಯವರು ಕೊಟ್ಟ ಫೋಲ್ಡರ್‌ನಲ್ಲಿ ಎಲ್ಲ ಕಲಸುಮೇಲೋಗರ ಆಗಿತ್ತು. ಈ ನಂಬರ್ ಹಿಡಿದು ಸರಿ ಜೋಡಿಸಿದೆ. ಒಂದು ಸಂಜೆಯ ಕೆಲಸ.

ನನ್ನ ಸಲಹೆ: ಹೇಲೊ 8 ಮೊದಲು, ಅದೂ ಪೂರ್ತಿ, ಇದ್ದ ಕ್ರಮದಲ್ಲೇ. ಹದಿನಾಲ್ಕು ಹಾಡು, 65 ನಿಮಿಷ. ಹೇಲೊ 14ಕ್ಕೆ ಆಮೇಲೆ ಬನ್ನಿ. ಅದು ಎರಡು ಡಿಸ್ಕು, 23 ಹಾಡು, ಒಂದೂಮುಕ್ಕಾಲು ಗಂಟೆಗೆ ಹತ್ತಿರ. ಒಂದು ಸಲಕ್ಕೆ ಒಂದೇ ಡಿಸ್ಕ್. ಒಟ್ಟಿಗೆ ಕೇಳಿದರೆ ಮದುವೆ ಊಟದ ಹಾಗೆ, ಕೊನೆಯ ಹೋಳಿಗೆಯ ರುಚಿ ಗೊತ್ತಾಗುವುದಿಲ್ಲ. ಹೆಚ್ಚಿನವರು ಹೇಲೊ 8 ದೊಡ್ಡದು ಎನ್ನುತ್ತಾರೆ. ನನಗೆ ಈಗ 14 ಹೆಚ್ಚು ಇಷ್ಟ. ಹದಿನೆಂಟರಲ್ಲಿ ಅದು ನಿಧಾನ ಎಂದು ಬೈದಿದ್ದೆ.

ಫಿಟ್ಟರ್ ಹಾಗೆ ಕೇಳಿ

ಇದೇ ಮುಖ್ಯ. ಉಳಿದದ್ದು ಮರೆತರೂ ಪರವಾಗಿಲ್ಲ.

ರೈಸ್ ಮಿಲ್ಲಿನ ಒಳಗೆ ನಿಂತರೆ ಹೊಸಬರಿಗೆ ಕೇಳುವುದು ಒಂದೇ ದೊಡ್ಡ ಸದ್ದು. ಅಪ್ಪನಿಗೆ ಹಾಗಲ್ಲ. ಒಂದು ಉದ್ದ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯನ್ನು ಬೇರಿಂಗ್ ಮೇಲೆ ಇಡುತ್ತಿದ್ದರು. ಹಿಡಿ ಕಿವಿಗೆ. ಆಮೇಲೆ ಮುಂದಿನ ಬೇರಿಂಗ್. ಹೀಗೆ ಇಡೀ ಗದ್ದಲದಲ್ಲಿ ಒಂದೊಂದನ್ನೇ ಬಿಡಿಸಿ ಕೇಳುವುದು. ಯಾವುದು ಒಣಗಿದೆ, ಯಾವುದು ಒಂದು ವಾರ ಬಾಳುತ್ತದೆ ಎಂದು ಹೇಳುತ್ತಿದ್ದರು.

ಹಾಡನ್ನೂ ಹಾಗೇ ಕೇಳಿ. ಒಂದೇ ಹಾಡನ್ನು ನಾಲ್ಕು ಸಲ ಹಾಕಿ. ಮೊದಲ ಸಲ ಡ್ರಮ್ ಮಾತ್ರ. ಎರಡನೆಯ ಸಲ ತಳದ ಬೇಸ್. ಮೂರನೆಯ ಸಲ ದನಿ. ನಾಲ್ಕನೆಯ ಸಲ ಯಾವ ವಾದ್ಯಕ್ಕೂ ಸೇರದ ಸದ್ದುಗಳು: ಉಜ್ಜುವುದು, ಹಬೆ ಬಿಡುವುದು, ದೂರದಲ್ಲಿ ಕಬ್ಬಿಣ ಬೀಳುವುದು. 'ಕ್ಲೋಸರ್' ಹಾಡಿನ ಡ್ರಮ್ಮಿನ ಧಪ್ ಎಂಬ ಏಟು ತೆಗೆದುಕೊಳ್ಳಿ. ಅದು ಅಮೆರಿಕದ ಗಾಯಕ ಇಗ್ಗಿ ಪಾಪ್‌ನ 1977ರ ಒಂದು ಹಾಡಿನಿಂದ ಎತ್ತಿ, ತಿದ್ದಿ, ಬೇರೆಯೇ ಮಾಡಿ ಕೂರಿಸಿದ್ದು. ಹಳೆಯ ಮಿಲ್ಲಿನ ಗೇರ್ ತಂದು ಹೊಸ ಮಷೀನಿಗೆ ಹಾಕಿದ ಹಾಗೆ. ಮೊದಲು ಕೇಳುತ್ತಿದ್ದದ್ದು ಸಿಟ್ಟು. ಈಗ ಕೇಳುತ್ತಿರುವುದು ಕೈಕೆಲಸ. ಸಿಟ್ಟು ನನ್ನಲ್ಲಿ ಅಷ್ಟು ಉಳಿದಿಲ್ಲ, ಕೈಕೆಲಸ ಮಾತ್ರ ಹಾಗೇ ಇದೆ.

ಪದರ ಬಿಡಿಸುವುದು ಕಷ್ಟ ಎನಿಸಿದರೆ ಒಂದು ದಾರಿ ಇದೆ. 2005ರಲ್ಲಿ ರೆಜ್ನರ್ 'ದ ಹ್ಯಾಂಡ್ ದಟ್ ಫೀಡ್ಸ್' ಹಾಡಿನ ಬಿಡಿ ಟ್ರ್ಯಾಕುಗಳನ್ನೇ ಜನರಿಗೆ ಕೊಟ್ಟಿದ್ದ. ಡ್ರಮ್ ಬೇರೆ, ಗಿಟಾರ್ ಬೇರೆ, ದನಿ ಬೇರೆ. ಸಿಕ್ಕರೆ ಕಂಪ್ಯೂಟರಿನಲ್ಲಿ ತೆರೆದು ಒಂದೊಂದೇ ಮುಚ್ಚಿ ನೋಡಿ. ಅರ್ಧ ಗಂಟೆಯಲ್ಲಿ ಕಿವಿ ಪಳಗುತ್ತದೆ.

ಕೈಯಲ್ಲಿ ತಾಳ ಹಾಕಿ

'ಮಾರ್ಚ್ ಆಫ್ ದ ಪಿಗ್ಸ್' ಹಾಡಿಗೆ ತಲೆ ಆಡಿಸಲು ಹೋದರೆ ತಲೆ ಎಡವುತ್ತದೆ. ಹುಡುಗರಾಗಿದ್ದಾಗ ನಮಗೆ ಯಾಕೆ ಎಂದು ಗೊತ್ತಿರಲಿಲ್ಲ. ಲೆಕ್ಕ ಹೀಗಿದೆ: ಏಳು, ಏಳು, ಏಳು, ಎಂಟು. ಭಜನೆಯಲ್ಲಿ ಮಿಶ್ರ ಛಾಪು ಕೇಳಿದವರಿಗೆ ಏಳು ಹೊಸದಲ್ಲ. ತಕಿಟ ತಕಧಿಮಿ, ತಕಿಟ ತಕಧಿಮಿ, ತಕಿಟ ತಕಧಿಮಿ. ಆಮೇಲೆ ಒಂದು ಸಲ ತಕಧಿಮಿ ತಕಧಿಮಿ. ಮತ್ತೆ ಮೊದಲಿಗೆ. ಬಹಳ ವೇಗ ಇದೆ, ಮೊದಲು ನಿಧಾನಕ್ಕೆ ಬಾಯಲ್ಲಿ ಹೇಳಿ ರೂಢಿ ಮಾಡಿಕೊಳ್ಳಿ. ನಡುವೆ ಎಲ್ಲ ನಿಂತು ಒಂದು ಪಿಯಾನೊ ಮಾತ್ರ ಉಳಿಯುತ್ತದೆ. ಆಗ ಕೈ ಗಾಳಿಯಲ್ಲೇ ನಿಂತುಬಿಡುತ್ತದೆ.

ಅಪ್ಪನ ಎದುರು ಇದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದೆ. ಅವರು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಿಲ್ಲಿನ ಬೆಲ್ಟಿಗೆ ಒಂದು ಜಾಯಿಂಟ್ ಇರುತ್ತದೆ. ಅದು ಪುಲ್ಲಿ ದಾಟುವಾಗಲೆಲ್ಲ ಟಪ್ ಎನ್ನುತ್ತದೆ.

"ಜಾಯಿಂಟ್ ಒಂದ್ ಸಲ ತಡಾ ಮಾಡಿ ಬರಾಕತ್ತೈತಿ ನೋಡು," ಎಂದರು. "ಬೆಲ್ಟ್ ಜಾರತೈತಿ."

ಎಂಟನೆಯ ಎಣಿಕೆ ಸಿಕ್ಕಿತ್ತು ಅವರಿಗೆ. ತಾಳದ ಪಾಠ ಇಲ್ಲದೆಯೇ.

ಒಂದು ಸಲ ರೈಲಿನಲ್ಲಿ ಕೇಳಿ

ಕೂತು ಕೇಳುವುದಕ್ಕೆ ಮನೆಯೇ ಬೇಕೆಂದಿಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ಹೇಳಿ ಮಾಡಿಸಿದ ದಾರಿ ಬಳ್ಳಾರಿಯಿಂದ ಹೊಸಪೇಟೆ. ಸುಮಾರು 65 ಕಿಲೋಮೀಟರ್. ಗಾಡಿ ಬಳ್ಳಾರಿ ಬಿಟ್ಟಾಗ ಹೇಲೊ 8 ಶುರು ಮಾಡಿ. ಕುಡತಿನಿ ಬರುತ್ತಿದ್ದಂತೆ ಥರ್ಮಲ್ ಪವರ್ ಸ್ಟೇಷನ್ನಿನ ಚಿಮಣಿ. ಮುಂದೆ ತೋರಣಗಲ್ಲು. ಅದಿರಿನ ಕೆಂಪು ಧೂಳು ಕೂತ ಗಿಡ, ಹಳಿಗಳ ಮೇಲೆ ಗೂಡ್ಸ್ ಬೋಗಿಗಳ ಸಾಲು, ಆಚೆ ಉಕ್ಕಿನ ಕಾರ್ಖಾನೆ. ರಾತ್ರಿಯಾದರೆ ಆಕಾಶವೇ ಕಿತ್ತಳೆ. ಕ್ಲೀವ್‌ಲ್ಯಾಂಡನ್ನು ನಾನು ನೋಡಿಲ್ಲ, ನೋಡಬೇಕು ಎಂದೂ ಅನಿಸುವುದಿಲ್ಲ. ಆಲ್ಬಮ್ಮಿನ ಹತ್ತನೆಯ ಹಾಡು 'ಎ ವಾರ್ಮ್ ಪ್ಲೇಸ್'. ಮಾತಿಲ್ಲದ, ಮೆತ್ತನೆಯ ಹಾಡು. ಗಾಡಿ ಸರಿಯಾದ ಹೊತ್ತಿಗೆ ಹೋದರೆ ಅಷ್ಟೊತ್ತಿಗೆ ಕಾರ್ಖಾನೆ ಹಿಂದೆ ಬಿದ್ದು ಗುಡ್ಡ, ಆಮೇಲೆ ಬಾಳೆ ತೋಟ ಶುರುವಾಗುತ್ತದೆ. ಗಾಡಿ ಸರಿಯಾದ ಹೊತ್ತಿಗೆ ಹೋದರೆ ಎಂದೆ, ಗಮನಿಸಿ.

ಕೊಪ್ಪಳದ ಕಡೆ ಮುಂದುವರಿಯುವವರಿಗೆ ತುಂಗಭದ್ರೆ ದಾಟಿದ ಮೇಲೆ ಮುನಿರಾಬಾದ್, ಗಿಣಿಗೇರಾ. ಗಿಣಿಗೇರಾದಲ್ಲಿ ಮತ್ತೆ ಚಿಮಣಿಗಳು. ಅಲ್ಲಿಗೆ ಇನ್ನೊಂದು ಆಲ್ಬಮ್ ಹಾಕಿಕೊಳ್ಳಬಹುದು.

ಮಾತಿನ ಬಗ್ಗೆ ಒಂದು ಎಚ್ಚರಿಕೆ

ಹೇಲೊ 8 ಒಬ್ಬ ಮನುಷ್ಯ ಮೆಟ್ಟಿಲು ಮೆಟ್ಟಿಲಾಗಿ ಕುಸಿಯುವ ಕತೆ. ಕೆಟ್ಟ ಮಾತುಗಳಿವೆ, ತನ್ನನ್ನೇ ನೋಯಿಸಿಕೊಳ್ಳುವ ಮಾತೂ ಇದೆ. ಮಕ್ಕಳ ಮುಂದೆ ಹಾಕುವಂಥದ್ದಲ್ಲ. ಮನಸ್ಸು ಸರಿ ಇಲ್ಲದ ದಿನಗಳಲ್ಲಿ ನೀವೂ ಮುಟ್ಟಬೇಡಿ, 'ಗೋಸ್ಟ್ಸ್' ಇದೆಯಲ್ಲ. ಕುಗ್ಗಿದ್ದು ದಿನಗಟ್ಟಲೆ ಹಾಗೇ ಇದ್ದರೆ ಹಾಡು ಬದಿಗಿಟ್ಟು ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಹಾಡು 'ಹರ್ಟ್'. ಇದನ್ನು ಎರಡು ಸಲ ಕೇಳಬೇಕು, ಇಬ್ಬರ ಬಾಯಲ್ಲಿ. ಮೊದಲು ರೆಜ್ನರ್ ಹಾಡಿದ್ದು. ಆಗಿನ್ನೂ ಆತನಿಗೆ ಮೂವತ್ತು ಆಗಿರಲಿಲ್ಲ. ಆಮೇಲೆ 2002ರಲ್ಲಿ ಅಮೆರಿಕದ ಹಿರಿಯ ಗಾಯಕ ಜಾನಿ ಕ್ಯಾಶ್ ಹಾಡಿದ್ದು. ಕ್ಯಾಶ್‌ಗೆ ಎಪ್ಪತ್ತು, ಮೈ ಸೋತಿತ್ತು, ಮರುವರ್ಷ ತೀರಿಕೊಂಡ. ಮಾತು ಹೆಚ್ಚುಕಡಿಮೆ ಅವೇ, ಒಂದು ಬೈಗುಳ ಮಾತ್ರ ಬದಲಿಸಿದ್ದಾನೆ. ಹುಡುಗನ ಬಾಯಲ್ಲಿ ಅದು ಇನ್ನೂ ಆಗದೇ ಇರುವುದರ ಭಯ. ಮುದುಕನ ಬಾಯಲ್ಲಿ ಆಗಿಹೋದದ್ದರ ಲೆಕ್ಕ. ನಾನು ಈಗ ಇಬ್ಬರ ನಡುವಿನ ವಯಸ್ಸಿನಲ್ಲಿ ಕೂತಿದ್ದೇನೆ.

ಅಂದಹಾಗೆ, ರೆಜ್ನರ್ ಹಾಡಿದ್ದು ಬಹಳ ಸಣ್ಣ ದನಿಯಲ್ಲಿ ಶುರುವಾಗುತ್ತದೆ. ಕೇಳುವುದಿಲ್ಲ ಎಂದು ವಾಲ್ಯೂಮ್ ಏರಿಸಬೇಡಿ. ಕೊನೆಗೆ ಒಂದು ಏಟು ಕಾದಿದೆ.

ಅಕ್ಕಪಕ್ಕದವರು

ಕಿವಿ ಪಳಗಿದ ಮೇಲೆ ಸುತ್ತ ನೋಡಬಹುದು. 1980ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಶುರುವಾದ ಐನ್‌ಸ್ಟುರ್ಜೆಂಡೆ ನ್ಯೂಬೌಟನ್ ಗುಜರಿ ಕಬ್ಬಿಣ, ಡ್ರಿಲ್ ಮಷೀನ್ ಹಿಡಿದು ನುಡಿಸಿದವರು. ಹೆಸರಿನ ಅರ್ಥ ಕುಸಿಯುತ್ತಿರುವ ಹೊಸ ಕಟ್ಟಡಗಳು. ಸ್ಲೊವೇನಿಯಾದ ಲೈಬಾಖ್ ಕಲ್ಲಿದ್ದಲ ಗಣಿಯ ಊರಿನಿಂದ ಬಂದವರು. ಸಂಡೂರು, ಹಟ್ಟಿ ಕಡೆಯವರಿಗೆ ಇವರನ್ನು ಮೊದಲು ಹೇಳುತ್ತೇನೆ. ಷಿಕಾಗೊದ ಮಿನಿಸ್ಟ್ರಿ ತಂಡ ವೇಗ ಇಷ್ಟಪಡುವವರಿಗೆ. ರೆಜ್ನರ್ ಮತ್ತು ರಾಸ್ ಸಿನಿಮಾಕ್ಕೂ ಸಂಗೀತ ಮಾಡುತ್ತಾರೆ. 'ದ ಸೋಷಿಯಲ್ ನೆಟ್‌ವರ್ಕ್' ಮತ್ತು 'ಸೋಲ್' ಎರಡಕ್ಕೂ ಆಸ್ಕರ್ ಬಂದಿದೆ. ಮನೆಯವರ ಜೊತೆ ಕೂತು ಕೇಳಬೇಕೆಂದರೆ 'ಸೋಲ್' ಒಳ್ಳೆಯದು.

ಕಿವಿಯ ಲೆಕ್ಕ

ಅಪ್ಪನಿಗೆ ಈಗ ಎತ್ತರದ ಸದ್ದು ಕೇಳುವುದಿಲ್ಲ. ಕುಕ್ಕರ್ ಸೀಟಿ, ಫೋನಿನ ರಿಂಗು, ಮೊಮ್ಮಗಳ ಮಾತಿನ ಸ, ಶ ಎಲ್ಲ ಹೋಗಿವೆ. ಮಿಲ್ಲಿನಲ್ಲಿ ಮೂವತ್ತು ವರ್ಷ ಕಿವಿಗೆ ಹತ್ತಿಯೂ ಇಟ್ಟವರಲ್ಲ. ಗದ್ದಲ ಕಿವಿಯಲ್ಲಿ ಮೊದಲು ತಿನ್ನುವುದು 4000 ಹರ್ಟ್ಸ್ ಸುತ್ತಲಿನ ಜಾಗವನ್ನೇ. ಹೋದದ್ದು ವಾಪಸ್ ಬರುವುದಿಲ್ಲ.

ಲೆಕ್ಕ ಸರಳ. 85 ಡೆಸಿಬೆಲ್ ಸದ್ದಾದರೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. 100 ತಲುಪಿದರೆ ಹದಿನೈದೇ ನಿಮಿಷ. ಶಿಫ್ಟ್‌ನಲ್ಲಿ ಗದ್ದಲದ ನಡುವೆ ಇರುವವರು ಈ ಹೊತ್ತನ್ನು ಕೆಲಸದಲ್ಲೇ ಖರ್ಚು ಮಾಡಿರುತ್ತಾರೆ. ಅವರು ಮನೆಗೆ ಬಂದ ಕೂಡಲೇ ಜೋರಾಗಿ ಹಾಡು ಹಾಕಬಾರದು. ಕೆಲಸದಲ್ಲಿ ಇಯರ್ ಪ್ಲಗ್ ಹಾಕಿ. ಬಸ್ಸು, ರೈಲಿನಲ್ಲಿ ಹೊರಗಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವ ಬದಲು ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ತೆಗೆದುಕೊಳ್ಳಿ. ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್ ಮಿತಿ ಇದ್ದರೆ ಅದನ್ನೂ ಹಾಕಿಕೊಳ್ಳಿ.

ಮನೆಯ ಆಂಪ್ಲಿಫೈಯರ್‌ಗೆ ಅಂಥ ಸೆಟ್ಟಿಂಗ್ ಇಲ್ಲ. ಅದಕ್ಕೆ ಹೆಂಡತಿಯ ಉಗುರುಬಣ್ಣ ತೆಗೆದು ಗುಂಡಿಯ ಪಕ್ಕ ಒಂದು ಕೆಂಪು ಗೆರೆ ಎಳೆದಿದ್ದೇನೆ. ನಾನು ದಾಟುವುದಿಲ್ಲ. ಅಪ್ಪ ದಿನಾ ಸಂಜೆ ವಾರ್ತೆ ಹಾಕಿ ಅದನ್ನು ದಾಟುತ್ತಾರೆ.